ಇಕ್ಕಳಣ್ಣನ ಸ್ವಂತ ಬೇಲಿ

ಬೇಲಿ ಕಟ್ಟುವ ಕಸುಬಿನವನೊಬ್ಬ ತಾನೇ ಕಟ್ಟಿದ ಬೇಲಿಯ ತಪ್ಪು ಬದಿಯಲ್ಲಿ ಸಿಕ್ಕಿಹಾಕಿಕೊಂಡ ಎಂದರೆ ನಂಬುತ್ತೀರಾ? ನಂಬದಿದ್ದರೆ ಸಂಜೆ ಹೊತ್ತಿಗೆ ಚಹಾದಂಗಡಿಯ ಹೊರಬೆಂಚಿನ ಮೇಲೆ ಹೋಗಿ ಕೂತುಕೊಳ್ಳಿ. ಇಕ್ಕಳಣ್ಣ ಬರುತ್ತಾನೆ. ಯಾರಾದರೂ ಕೇಳಿದರೆ ಹೇಳುತ್ತಾನೆ, ಕೇಳದಿದ್ದರೂ ಹೇಳುತ್ತಾನೆ. ಬೇರೆಯವರು ಆಡಿಕೊಳ್ಳುವ ಮೊದಲು ತನ್ನನ್ನು ತಾನೇ ಆಡಿಕೊಂಡರೆ ಅರ್ಧ ಮರ್ಯಾದೆಯಾದರೂ ಉಳಿಯುತ್ತದೆ ಎಂಬುದು ಅವನ ನಂಬಿಕೆ. ಉಳಿದಿರುವುದು ಅರ್ಧಕ್ಕಿಂತ ಕಡಿಮೆಯೇ. ಅದೂ ಅವನಿಗೆ ಗೊತ್ತು.

ಇಕ್ಕಳಣ್ಣ ಎನ್ನುವುದು ಬೀದಿಯವರು ಇಟ್ಟ ಹೆಸರು. ಪ್ಯಾಂಟಿನ ಹಿಂದಿನ ಜೇಬಿನಲ್ಲಿ ಸದಾ ಒಂದು ಇಕ್ಕಳ ಇರುತ್ತಿತ್ತು; ನಡೆಯುವಾಗ ಅದರ ಹಿಡಿಗಳೆರಡು ಹೊರಗೆ ಇಣುಕುತ್ತಿದ್ದವು. ನಿದ್ದೆ ಮಾಡುವಾಗಲೂ ದಿಂಬಿನ ಕೆಳಗೆ ಇಟ್ಟುಕೊಳ್ಳುತ್ತಾರೆ ಎಂದು ಅವನ ಹೆಂಡತಿ ಹೇಳುತ್ತಾಳೆ. ಅದು ಶುದ್ಧ ಸುಳ್ಳು. ದಿಂಬಿನ ಪಕ್ಕದಲ್ಲಿ ಇಟ್ಟುಕೊಳ್ಳುತ್ತಾನೆ.

ಈ ಮನುಷ್ಯ ಬೇಲಿಗೆ ಬಂದದ್ದು ಸೂಜಿಗೆ ಹೆದರಿ. ಅಪ್ಪ ಅಮ್ಮ ಬೇಗ ಹೋದ ಮೇಲೆ ಅವನ ಮೂಗು ಒರೆಸಿ, ತಲೆ ಬಾಚಿ, ಕೈಹಿಡಿದು ಶಾಲೆಗೆ ಬಿಟ್ಟು ಬಂದವನು ಅಣ್ಣ. ಅಣ್ಣ ಟೇಲರ್. ಮನೆಯ ಮುಂದಿನ ಕೋಣೆಯೇ ಅಂಗಡಿ. ಬೀದಿಗೆ ತೆರೆದ ದೊಡ್ಡ ಕಿಟಕಿ, ಕಿಟಕಿಗೆ ಆತುಕೊಂಡು ಹೊಲಿಗೆ ಯಂತ್ರ, ಮೂಲೆಯಲ್ಲಿ ಅಳತೆ ನೋಡುವವರಿಗೆ ಒಂದು ಪರದೆ. ಅಣ್ಣನ ಹೊಲಿಗೆ ಎಂದರೆ ಗೆರೆ ಎಳೆದ ಹಾಗೆ ನೇರ ಎಂದು ಬೀದಿಯ ಉದ್ದಕ್ಕೂ ಹೆಸರು. ತಮ್ಮನೂ ಅದೇ ವಿದ್ಯೆ ಕಲಿಯಲಿ ಎಂದು ಅಣ್ಣ ಅವನನ್ನು ಯಂತ್ರದ ಮುಂದೆ ಕೂರಿಸಿದ. ತಮ್ಮ ಹೊಲಿದ ದಿಂಬಿನ ಚೀಲವನ್ನು ಬೆಳಕಿಗೆ ಹಿಡಿದು, "ಸೊಟ್ಟ," ಎಂದ. ಕೈಚೀಲಕ್ಕೂ "ಸೊಟ್ಟ" ಎಂದ. ಕೊನೆಗೆ ಕರವಸ್ತ್ರದ ಅಂಚು ಮಡಿಸಲು ಕೊಟ್ಟು ನೋಡಿ, ಉಸಿರು ಬಿಟ್ಟು ಹೇಳಿದ: "ಕರವಸ್ತ್ರವನ್ನೂ ಸೊಟ್ಟ ಹೊಲೀಬೇಕು ಅಂದ್ರೆ ಅದಕ್ಕೂ ಒಂದು ಪ್ರತಿಭೆ ಬೇಕು ಕಣೋ."

ಆ ಪ್ರತಿಭೆಯನ್ನು ಹೊತ್ತುಕೊಂಡು ತಮ್ಮ ಬೇಲಿ ಕಟ್ಟುವ ಮೇಸ್ತ್ರಿಯ ಬಳಿ ಸೇರಿದ. ಆಶ್ಚರ್ಯವೆಂದರೆ ದಾರ ಮಾತು ಕೇಳದ ಕೈಗೆ ತಂತಿ ಮಾತು ಕೇಳಿತು. ಗುಂಡಿ ತೋಡಿ ಕಬ್ಬಿಣದ ಕಂಬ ನಿಲ್ಲಿಸುವುದು, ಜಾಲರಿಯನ್ನು ಬಿಗಿಯಾಗಿ ಎಳೆಯುವುದು, ಬೈಂಡಿಂಗ್ ವೈರಿನಿಂದ ಕಂಬಕ್ಕೆ ಕಟ್ಟಿ ಇಕ್ಕಳದಿಂದ ತಿರುಚುವುದು, ಎಲ್ಲವೂ ಸಲೀಸು. ಬಟ್ಟೆಗೆ ಹೊಲಿಗೆ ಹಾಕಲಾರದವನು ನೆಲಕ್ಕೆ ಹೊಲಿಗೆ ಹಾಕಲು ಹೊರಟ ಎಂದು ತನ್ನ ಬಗ್ಗೆ ತಾನೇ ಹೇಳಿಕೊಂಡು ನಗುತ್ತಿದ್ದ. ಆದರೆ ಅಣ್ಣ ಒಂದು ದಿನ ಬಂದು ತನ್ನ ಬೇಲಿ ನೋಡಿ, "ನೇರ ಇದೆ," ಎನ್ನಬೇಕೆಂಬ ಆಸೆ ಹೊಟ್ಟೆಯೊಳಗೇ ಇತ್ತು. ಅಣ್ಣನಿಗೆ ಬೇಲಿ ನೋಡಲು ಎಲ್ಲಿ ಪುರುಸೊತ್ತು? ಅವನು ಮಾಡಿದ್ದು ಒಂದೇ ಕೆಲಸ. ತಮ್ಮನ ಪ್ಯಾಂಟುಗಳಿಗೆಲ್ಲ ಹಿಂದೆ ದಪ್ಪ ಬಟ್ಟೆಯ ಆಳವಾದ ಜೇಬು ಇಟ್ಟು ಹೊಲಿದುಕೊಟ್ಟ, ಇಕ್ಕಳಕ್ಕೆಂದೇ.

ಮೇಸ್ತ್ರಿ ಕಲಿಸಿದ ಪಾಠಗಳಲ್ಲಿ ಒಂದನ್ನು ಮಾತ್ರ ಇಲ್ಲಿ ಹೇಳಲೇಬೇಕು. "ಕೊನೇ ಗಂಟು ಯಾವಾಗಲೂ ಹೊರಗಿಂದ ಹಾಕು," ಎನ್ನುತ್ತಿದ್ದ ಮೇಸ್ತ್ರಿ. "ಒಳಗಿಂದ ಹಾಕಿದ್ಯೋ, ಯಜಮಾನನ ಮನೆಯೊಳಗೆ ಕೆಸರು ಕಾಲಲ್ಲಿ ಹಾಯ್ದು, ಯಜಮಾನಿ ಹತ್ರ ಬೈಸಿಕೊಂಡು ಹೊರಗೆ ಬರಬೇಕು. ಹೊರಗಿಂದ ಹಾಕಿದ್ರೆ ಇಕ್ಕಳ ಜೇಬಿಗೆ, ಕಾಲು ಸೈಕಲ್ಲಿಗೆ. ಬೇಲಿ ಕಟ್ಟೋನಿಗೆ ಒಳಗೇನು ಕೆಲಸ?" ಇಕ್ಕಳಣ್ಣನ ಕೈಗೆ ಈ ಪಾಠ ಎಷ್ಟು ಚೆನ್ನಾಗಿ ಕೂತಿತ್ತೆಂದರೆ, ಅವನು ಕಟ್ಟಿದ ಒಂದೇ ಒಂದು ಬೇಲಿಯ ಒಳಗಡೆಯೂ ಅವನು ಕೊನೆಗೆ ಉಳಿದದ್ದಿಲ್ಲ. ಕಟ್ಟಿದ ಬೇಲಿಗಳೋ ಊರ ತುಂಬ. ಅಂಗಡಿಗೂ ಅಂಗಡಿಗೂ ನಡುವೆ, ಶಾಲೆಗೂ ಆಟದ ಬಯಲಿಗೂ ನಡುವೆ, ಬೀಗರಿಗೂ ಬೀಗರಿಗೂ ನಡುವೆ. ಕಳ್ಳರಿಗೆ ಹೆದರಿ ಬೇಲಿ ಹಾಕಿಸಿದವರು ಕಡಿಮೆ, ಮಾತು ಬಿಟ್ಟು ಹಾಕಿಸಿದವರೇ ಹೆಚ್ಚು. "ಜಗಳ ಆದ ಮನೆಗೆ ಮೊದಲು ಪೊಲೀಸು, ಆಮೇಲೆ ವಕೀಲ, ಕೊನೆಗೆ ನಾನು," ಎಂದು ಅವನು ಜಂಬ ಕೊಚ್ಚುತ್ತಿದ್ದ. "ಅವರಿಬ್ಬರೂ ಹೋದ ಮೇಲೂ ಉಳಿಯೋದು ನನ್ನ ಕೆಲಸವೇ."

ಇಷ್ಟೆಲ್ಲ ಮನೆಗಳ ಜಗಳ ನೋಡಿದವನಿಗೆ ತನ್ನ ಮನೆಯದು ಬಂದಾಗ ಬುದ್ಧಿ ಎಲ್ಲಿ ಹೋಗಿತ್ತೋ!

ಅಪ್ಪನ ಮನೆಯನ್ನು ಅಣ್ಣತಮ್ಮ ನಡುವೆ ಒಂದು ಗೋಡೆ ಹಾಕಿ ಎರಡು ಮಾಡಿಕೊಂಡಿದ್ದರು. ಅದರಲ್ಲಿ ಮನಸ್ತಾಪ ಏನಿರಲಿಲ್ಲ. ಮುಂದೆ ಎರಡು ಬಾಗಿಲು, ಹಿಂದೆ ಎರಡು ಬಾಗಿಲು, ಹಿತ್ತಲು ಮಾತ್ರ ಒಂದೇ. ಹಿತ್ತಲಿನ ಮೂರು ಕಡೆಯೂ ನೆರೆಯವರ ಎತ್ತರದ ಗೋಡೆ. ಹೊರಗೆ ಹೋಗಬೇಕೆಂದರೆ ಎರಡು ಮನೆಗಳಲ್ಲಿ ಒಂದರೊಳಗೇ ಹಾದು ಹೋಗಬೇಕು. ಬಟ್ಟೆ ಒಗೆಯುವ ಕಲ್ಲು ಒಂದೇ, ನೀರಿನ ಡ್ರಮ್ಮುಗಳ ಸಾಲು ಒಂದೇ. ಓರಗಿತ್ತಿಯರಿಬ್ಬರು ಆ ಕಲ್ಲಿನ ಆಚೆ ಈಚೆ ಕೂತು ಲೋಕದ ಸುದ್ದಿಯನ್ನೆಲ್ಲ ಒಗೆದು ಹಿಂಡಿ ಒಣಹಾಕುತ್ತಿದ್ದರು.

ಕಿರಿಕಿರಿ ಶುರುವಾದದ್ದು ಒಂದು ಅಂಗಿಯಿಂದ. ಅಣ್ಣ ಹೊಲಿದುಕೊಟ್ಟ ಬಿಳಿ ಅಂಗಿಗೆ ಒಂದು ಗುಂಡಿ ಮಾತ್ರ ನೀಲಿ, ಜೇಬು ಒಂದು ಬದಿಗೆ ವಾಲಿತ್ತು. ಬೀದಿಯವರಿಗೆಲ್ಲ ಗೆರೆ ಎಳೆದ ಹಾಗೆ ಹೊಲಿಯುವ ಅಣ್ಣ ಒಡಹುಟ್ಟಿದ ತಮ್ಮನಿಗೆ ಹೀಗೆ ಕಾಟಾಚಾರಕ್ಕೆ ಹೊಲಿದನಲ್ಲ ಎಂದು ಇಕ್ಕಳಣ್ಣ ಒಳಗೊಳಗೇ ಕುದ್ದ. ಆಮೇಲೊಂದು ದಿನ ಬೀದಿಯಲ್ಲಿ ಎದುರಿಗೆ ಬಂದ ಅಣ್ಣ ಇವನ ನಗುವಿಗೆ ನಗದೆ, ಕಂಬದ ಪಕ್ಕ ಹಾದು ಹೋದ ಹಾಗೆ ಹಾದುಹೋದ. ಇವನು ನಕ್ಕಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳುವುದು ಹೇಗೆಂದು ತಿಳಿಯದೆ ಅಲ್ಲೇ ಇದ್ದ ನಾಯಿಯ ಕಡೆಗೆ ತಿರುಗಿಸಿದ.

ಮೂರನೆಯದು ಬಂದದ್ದು ಮೇಲಿನಿಂದ. ಹಿತ್ತಲಿನ ಗೋಡೆಯಾಚೆಯ ಮಹಡಿಮನೆಯಲ್ಲಿ ಒಬ್ಬ ನಿವೃತ್ತ ಬಸ್ ಕಂಡಕ್ಟರ್ ಇದ್ದ. ಬಾಲ್ಕನಿಯಲ್ಲಿ ನಿಂತು ಊರನ್ನೇ ಒಂದು ಬಸ್ಸೆಂದು ತಿಳಿದು ನೋಡಿಕೊಳ್ಳುತ್ತಿದ್ದ. ಅವನು ಕೂಗಿ ಕೇಳಿದ: "ಏನ್ ಇಕ್ಕಳಣ್ಣ, ನಿಮ್ಮಣ್ಣ ಅವರ ಭಾಗ ಮಾರಿ ಮಗಳ ಊರಿಗೆ ಹೋಗ್ತಾರಂತೆ? ನಿಂಗೆ ಹೇಳಿಲ್ವಾ?"

ಹೇಳಿರಲಿಲ್ಲ. ಇಕ್ಕಳಣ್ಣ ನೇರ ಅಣ್ಣನ ಅಂಗಡಿಗೆ ನುಗ್ಗಿ ಕೂಗಾಡಿದ. ಅಣ್ಣ ಯಂತ್ರ ನಿಲ್ಲಿಸಿದ, ಆದರೆ ಇವನ ಮುಖ ನೋಡಲಿಲ್ಲ. ಪಕ್ಕದ ಗೋಡೆಯನ್ನು ನೋಡುತ್ತಾ ಹೇಳಿದ: "ನನ್ನ ಭಾಗ, ನನ್ನ ಇಷ್ಟ. ನಿಂಗೇನು ಕಷ್ಟ?" ಹುಟ್ಟುತ್ತಾ ಅಣ್ಣತಮ್ಮ, ಬೆಳೆಯುತ್ತಾ ದಾಯಾದಿ ಎಂಬ ಮಾತು ಇಕ್ಕಳಣ್ಣನಿಗೆ ನೆನಪಾದದ್ದು ಆಗಲೇ. ಗೋಡೆಗಾದರೂ ಮರ್ಯಾದೆ ಕೊಡುತ್ತಾನೆ, ನನಗೆ ಕೊಡುವುದಿಲ್ಲ ಎಂದುಕೊಂಡ. ಹೊಟ್ಟೆಯೊಳಗೆ ಇದ್ದದ್ದು ಮಾತ್ರ ಬೇರೆ. ಅಣ್ಣ ಹೋಗಿಬಿಟ್ಟರೆ ಆ ಕಿಟಕಿಯಲ್ಲಿ ಯಾರಿರುತ್ತಾರೆ ಎಂಬ ಭಯ. ಭಯವೆಂದು ಹೇಳಲು ನಾಚಿಕೆಯಾಗಿ ಸಿಟ್ಟೆಂದು ಹೇಳಿದ: "ಯಾವನೋ ಬಂದು ಪಕ್ಕದಲ್ಲಿ ಕೂರೋ ಮೊದಲು ನನ್ನ ಗಡಿ ನಾನು ಕಟ್ಕೋತೀನಿ."

"ಕಟ್ಕೋ," ಎಂದ ಅಣ್ಣ, ಗೋಡೆಗೆ.

ಹೆಂಡತಿ ಬೇಡವೆಂದಳು. ಇಕ್ಕಳಣ್ಣ ಕೇಳಲಿಲ್ಲ. ಬೇಲಿ ಎದ್ದ ಮೇಲೆ ಒಂದು ಹುಲ್ಲುಕಡ್ಡಿಯೂ ಈ ಕಡೆಯಿಂದ ಆ ಕಡೆಗೆ ಹೋಗಕೂಡದು ಎಂದು ಅವಳಿಗೆ ಅಪ್ಪಣೆ ಕೊಟ್ಟ. ಅಣ್ಣ ಹೊಲಿದ ಬಟ್ಟೆಯನ್ನು ಇನ್ನು ಮೈಗೆ ಹಾಕುವುದಿಲ್ಲ ಎಂದು ಶಪಥ ಮಾಡಿ, ಪೇಟೆಗೆ ಹೋಗಿ ಖಾಕಿ ಬಣ್ಣದ ರೆಡಿಮೇಡ್ ಪ್ಯಾಂಟೊಂದನ್ನು ತಂದ. ನೋಡಲು ಬಹಳ ಠೀವಿಯ ಪ್ಯಾಂಟು. ಹಿಂದೆ ಜೇಬಿನ ಬಾಯಿ ಇತ್ತು, ಹೊಟ್ಟೆ ಇರಲಿಲ್ಲ. ಬರೀ ಅಂದಕ್ಕೆ ಹೊಲಿದ ಸುಳ್ಳು ಜೇಬು. ಇದು ಅವನಿಗೆ ಗೊತ್ತಾದದ್ದು ಬೇಲಿ ಕಟ್ಟುವ ದಿನ ಬೆಳಿಗ್ಗೆ, ಇಕ್ಕಳ ಎರಡು ಸಲ ಕೆಳಗೆ ಬಿದ್ದು ಕಾಲಿನ ಹೆಬ್ಬೆರಳನ್ನು ಜಜ್ಜಿದ ಮೇಲೆ.

ಆದರೂ ಕೆಲಸ ಮಾತ್ರ ಅಚ್ಚುಕಟ್ಟು. ಎರಡು ಹಿಂಬಾಗಿಲುಗಳ ನಡುವಿನ ಗೋಡೆಯಿಂದ ಹಿತ್ತಲಿನ ಕೊನೆಯವರೆಗೆ ದಾರ ಹಿಡಿದು ಕಂಬ ನೆಟ್ಟ. ಬೆರಳು ತೂರಿದರೂ ಕೈ ತೂರದ ಜಾಲರಿ ಎಳೆದ. ಮೇಲೆ ಮುಳ್ಳುತಂತಿ ಬಿಗಿದ. ಸ್ವಂತ ಬೇಲಿ, ಅದೂ ಸಿಟ್ಟಿನ ಬೇಲಿ, ಬೆಕ್ಕು ಕೂಡ ಹತ್ತಬಾರದು. ಇನ್ನೂ ತೆರೆದಿದ್ದ ಕೊನೆಯ ಸಂದಿಯಿಂದ ಆಚೆ ಈಚೆ ಓಡಾಡುತ್ತ ಮಧ್ಯಾಹ್ನದ ಹೊತ್ತಿಗೆ ಎಲ್ಲ ಗಂಟುಗಳನ್ನೂ ಹಾಕಿದ. ಸಂದಿ ಮುಚ್ಚಿ ಕೊನೆಯ ಗಂಟು ತಿರುಚಿ, ಜೇಬಿಲ್ಲದ ಜೇಬಿನಲ್ಲಿ ಇಕ್ಕಳ ಇಡಲು ಹೋಗಿ, ನೆನಪಾಗಿ, ಅದನ್ನು ಮೇಲಿನ ತಂತಿಗೆ ತೂಗುಹಾಕಿದ. ಆಮೇಲೆ ಪ್ರತಿ ಬೇಲಿಗೂ ಮಾಡುವ ಹಾಗೆ ಕಾಲು ಕೊಟ್ಟು ಜಾಲರಿಯನ್ನು ಒಮ್ಮೆ ಜೋರಾಗಿ ಅಲ್ಲಾಡಿಸಿ ಪರೀಕ್ಷೆ ಮಾಡಿದ. ಬೇಲಿ ಗಟ್ಟಿಯಾಗಿತ್ತು. ಇಕ್ಕಳ ಮಾತ್ರ ತಂತಿಯಿಂದ ಜಾರಿ ಆ ಕಡೆ ಬಿತ್ತು.

ಇಕ್ಕಳಣ್ಣ ಬೇಲಿಯಾಚೆ ಬಿದ್ದ ಇಕ್ಕಳವನ್ನು ನೋಡಿದ. ಅದರ ಹಿಂದೆ ತನ್ನ ಮನೆಯ ಬಾಗಿಲು, ತನ್ನ ಚಪ್ಪಲಿ, ತನ್ನ ನೀರಿನ ಚೊಂಬು. ಎಲ್ಲವೂ ಆ ಕಡೆ. ತಾನು ಈ ಕಡೆ. ಈ ಕಡೆ ಎಂದರೆ ಅಣ್ಣನ ಕಡೆ.

ಕೈಗೆ ಕೂತ ಪಾಠ ಕೈಯನ್ನು ಬಿಡುತ್ತದೆಯೇ? ಕೊನೇ ಗಂಟು ಹೊರಗಿಂದ! ಜೀವಮಾನವೆಲ್ಲ ಬೇರೆಯವರ ಬೇಲಿ ಕಟ್ಟಿದವನು ಮೊದಲ ಸಲ ತನ್ನದೊಂದು ಕಟ್ಟಿಕೊಂಡಾಗ, ಒಳಗೆ ಇರಬೇಕಾದ ಯಜಮಾನ ತಾನೇ ಎಂಬುದನ್ನು ಕೈಗೆ ಯಾರೂ ಹೇಳಿರಲಿಲ್ಲ.

"ಲೇ, ಇಲ್ಲಿ ಬಾರೇ," ಎಂದು ಮೆಲ್ಲಗೆ ಕರೆದ. ಹೆಂಡತಿ ಬಾಗಿಲಿಗೆ ಬಂದಳು. ನೋಡಿದಳು. ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ಆ ಇಕ್ಕಳ ಸ್ವಲ್ಪ ಜಾಲರೀಲಿ ತೂರಿಸು."

"ಒಂದು ಹುಲ್ಲುಕಡ್ಡಿನೂ ಆ ಕಡೆ ಹೋಗಬಾರದು ಅಂದವರು ಯಾರು?"

"ಅದು ನಿಂಗೆ ಹೇಳಿದ್ದು ಕಣೇ."

"ನಾನು ತಾನೇ ಈ ಕಡೆ ಇರೋಳು?" ಎಂದಳು ಹೆಂಡತಿ. "ಇಕ್ಕಳ ಹುಲ್ಲುಕಡ್ಡಿಗಿಂತ ದೊಡ್ಡದು ರೀ. ನನ್ ಕೈಲಾಗಲ್ಲ. ಊಟಕ್ಕೆ ಬರೋದಾದ್ರೆ ಭಾವನ ಮನೆ ಒಳಗಿಂದ ಹಾದು ಬನ್ನಿ. ಅತ್ತಿಗೆ ಬಾಗಿಲು ತೆಗೀತಾರೆ." ಒಳಗೆ ಹೋದಳು. ಒಳಗಿನಿಂದ ಅವಳು ನಗುವ ಸದ್ದು ಬಂತು.

ಅಣ್ಣನ ಮನೆಯೊಳಗೆ ಹಾದು ಹೋಗುವುದಕ್ಕಿಂತ ಬೇಲಿ ಹತ್ತುವುದೇ ಮೇಲೆಂದು ಇಕ್ಕಳಣ್ಣ ತೀರ್ಮಾನಿಸಿದ. ಬೆಕ್ಕು ಹತ್ತಲಾರದ ಬೇಲಿಯನ್ನು ಬೆಕ್ಕಿಗಿಂತ ಹತ್ತು ಪಟ್ಟು ತೂಕದವನು ಹತ್ತಲು ಹೊರಟರೆ ಏನಾಗಬೇಕೋ ಅದೇ ಆಯಿತು. ಒಂದು ಕಾಲು ಮೇಲೆ ಹೋಯಿತು, ರೆಡಿಮೇಡ್ ಪ್ಯಾಂಟು ಮುಳ್ಳಿಗೆ ಸಿಕ್ಕಿತು. ಕಾಲು ಇಳಿಯಿತು, ಪ್ಯಾಂಟು ಇಳಿಯಲಿಲ್ಲ. ಪರ್ರೆಂದು ಹರಿದ ಸದ್ದಿಗೆ ಮೇಲಿನ ಬಾಲ್ಕನಿಯಲ್ಲಿ ಕಂಡಕ್ಟರ್ ಪ್ರತ್ಯಕ್ಷನಾದ.

"ಬೇಲಿ ಎದ್ದು ಹೊಲ ಮೇಯೋದು ಕೇಳಿದ್ದೆ," ಎಂದ. "ಕಟ್ಟಿದೋನನ್ನೇ ಮೇಯೋದು ಇವತ್ತು ನೋಡ್ದೆ. ಮುಂದಕ್ಕೆ ಹೋಗಿ ಸ್ವಾಮಿ, ಮುಂದಕ್ಕೆ! ಬಾಗಿಲಲ್ಲಿ ನೇತಾಡಬೇಡಿ! ರೈಟ್ ರೈಟ್!"

ಎರಡೂ ಕೈಯಿಂದ ಹಿಂಭಾಗ ಮುಚ್ಚಿಕೊಂಡು ಇಂಗು ತಿಂದ ಮಂಗನಂತೆ ನಿಂತ ಮೈದುನನನ್ನು ಅತ್ತಿಗೆಯೇ ಬಂದು ಒಳಗೆ ಕರೆದಳು. ಅವನು ಚಡ್ಡಿ ಹಾಕುವ ಕಾಲದಿಂದ ಅವನನ್ನು ಕಂಡವಳು. ಒಂದು ಟವೆಲ್ ಕೊಟ್ಟು, "ಬಿಚ್ಚಿ ಕೊಡಪ್ಪ, ನಿಮ್ಮಣ್ಣ ಹೊಲಿದು ಕೊಡ್ತಾರೆ," ಎಂದಳು. ಹಾಗೆ ಇಕ್ಕಳಣ್ಣ, ಗಡಿ ಕಟ್ಟಿಕೊಂಡ ದಿನವೇ, ಗಡಿಯಾಚೆಯ ಅಂಗಡಿಯಲ್ಲಿ, ಟವೆಲ್ ಸುತ್ತಿಕೊಂಡು, ಅಳತೆ ನೋಡುವ ಪರದೆಯ ಹಿಂದೆ ಕೂತ.

ಚಹಾದಂಗಡಿಯಲ್ಲಿ ಹೇಳುವ ಕಥೆ ಇಲ್ಲಿಗೆ ಮುಗಿಯುತ್ತದೆ. ಕೊನೆಯಲ್ಲಿ ಇಕ್ಕಳಣ್ಣ ಎದ್ದು ನಿಂತು, ಹಿಂದಕ್ಕೆ ತಿರುಗಿ, ಖಾಕಿ ಪ್ಯಾಂಟಿನ ಮೇಲೆ ಉದ್ದಕ್ಕೆ ಓಡಿದ ಕೆಂಪು ಹೊಲಿಗೆಯನ್ನು ಎಲ್ಲರಿಗೂ ತೋರಿಸುತ್ತಾನೆ. "ಬೇಕಂತಲೇ ಕೆಂಪು ದಾರ ಹಾಕ್ದ ನೋಡಿ ನಮ್ಮಣ್ಣ! ಊರಿಗೆಲ್ಲ ಕಾಣ್ಲಿ ಅಂತ!" ಜನ ಹೊಟ್ಟೆ ಹಿಡಿದು ನಗುತ್ತಾರೆ. ಯಾರಾದರೊಬ್ಬರು ಅವನಿಗೂ ಸೇರಿಸಿ ಚಹಾ ಹೇಳುತ್ತಾರೆ. ಮುಂದೆ ಆದದ್ದನ್ನು ಅವನು ಅಲ್ಲಿ ಹೇಳುವುದಿಲ್ಲ. ನೀವೂ ಹೇಳಬೇಡಿ.

ಪರದೆಯ ಸಂದಿಯಿಂದ ಇಕ್ಕಳಣ್ಣ ನೋಡುತ್ತಿದ್ದ. ಅಣ್ಣ ಪ್ಯಾಂಟನ್ನು ಬೆಳಕಿಗೆ ಹಿಡಿಯಲಿಲ್ಲ. ತೊಡೆಯ ಮೇಲೆ ಹರಡಿ ಬೆರಳಿನಿಂದ ಹರಿದ ಜಾಗ ಹುಡುಕಿದ. "ರೆಡಿಮೇಡು," ಎಂದ, ಬೈಗುಳದ ಹಾಗೆ. "ಜೇಬು ಸುಳ್ಳು." ದಾರದ ಡಬ್ಬಿಗೆ ಕೈಹಾಕಿ ಒಂದು ಉರುಳೆ ತೆಗೆದ. ಅಚ್ಚ ಕೆಂಪು. ಅವಮಾನ ಮಾಡಲು ಇದೂ ಒಂದು ದಾರಿಯೇ ಎಂದು ಇಕ್ಕಳಣ್ಣನಿಗೆ ಮೈಯೆಲ್ಲ ಉರಿಯಿತು. ಎದ್ದು ಪ್ಯಾಂಟು ಕಸಿದುಕೊಳ್ಳೋಣವೆಂದರೆ ಟವೆಲ್ ಬಿಚ್ಚುವ ಭಯ. ಅಷ್ಟರಲ್ಲಿ ಅಣ್ಣ ದಾರದ ತುದಿಯನ್ನು ನಾಲಗೆಗೆ ತಾಗಿಸಿ ಯಂತ್ರದ ಸೂಜಿಯ ಹತ್ತಿರ ತಂದ. ದಾರ ಸೂಜಿಯ ಪಕ್ಕದಲ್ಲಿ ಹಾದುಹೋಯಿತು. ಮತ್ತೆ ತಂದ. ಮತ್ತೆ ಪಕ್ಕಕ್ಕೆ ಹೋಯಿತು. ಹಿಂದೆ ನಿಂತಿದ್ದ ಅತ್ತಿಗೆ ಬಾಗಿ, ಅಣ್ಣನ ಬೆರಳಿನಿಂದ ದಾರ ತೆಗೆದುಕೊಂಡು ಸೂಜಿಗೆ ಪೋಣಿಸಿ, ಮತ್ತೆ ಹಿಂದಕ್ಕೆ ಸರಿದು ನಿಂತಳು. ಇದು ದಿನಾ ನಡೆಯುವ ಕೆಲಸವೆಂದು ಆ ಎರಡು ಕೈಗಳನ್ನು ನೋಡಿದವರಿಗೆ ಹೇಳಬೇಕಾಗಿರಲಿಲ್ಲ.

ಇಕ್ಕಳಣ್ಣ ಪರದೆ ಸರಿಸಿದ. "ಅಣ್ಣಾ, ಅದು ಯಾವ ಬಣ್ಣದ ದಾರ?"

"ಖಾಕಿ. ಇನ್ಯಾವುದು?"

ಅತ್ತಿಗೆ ಮುಖ ತಿರುಗಿಸಿಕೊಂಡಳು. ಡಬ್ಬಿಯಲ್ಲಿ ಎಲ್ಲಿ ಯಾವ ದಾರ ಇರಬೇಕೋ ಅಲ್ಲೇ ಜೋಡಿಸಿಡುವವಳು ಅವಳು. ಇವತ್ತಿನ ಗಲಾಟೆಯಲ್ಲಿ ಸಾಲು ಅದಲುಬದಲಾಗಿತ್ತು; ಮೈದುನನ ಎದುರು ತಪ್ಪು ಬಣ್ಣವೆಂದು ಹೇಳಲಾರದೆ ಅದನ್ನೇ ಪೋಣಿಸಿದ್ದಳು.

"ಕೆಂಪು ಕಣಣ್ಣಾ."

ಯಂತ್ರ ತುಳಿಯಲು ಹೊರಟ ಕಾಲು ನಿಂತಿತು. ಅಣ್ಣ ಬಟ್ಟೆಯ ಮೇಲೆ ಕೈ ಆಡಿಸಿದ. ಆಮೇಲೆ ಹೇಳಿದ: "ನಡುವೆ ಎಲ್ಲ ಮಬ್ಬು ಕಣೋ. ನೇರ ನೋಡಿದ್ರೆ ಏನೂ ಕಾಣಲ್ಲ. ಪಕ್ಕಕ್ಕೆ ನೋಡಿದ್ರೆ ಅಂಚಲ್ಲಿ ಚೂರು ಕಾಣುತ್ತೆ. ಅದೂ ಹೋಗುತ್ತೆ ಅಂದ್ರು ಡಾಕ್ಟ್ರು. ಔಷಧಿ ಇಲ್ವಂತೆ."

"ಅವತ್ತು ಬೀದೀಲಿ..."

"ಯಾರೋ ನಾಯಿ ಮಾತಾಡಿಸ್ತಿದ್ದ ಹಾಗಿತ್ತು. ನೀನಾ ಅದು?" ಅಣ್ಣ ನಗಲು ನೋಡಿದ. "ಆಮೇಲೆ ಬಂದು ಕೂಗಾಡಿದ್ಯಲ್ಲ, ಆಗ ನಿನ್ನ ಮುಖ ನೋಡೋಣ ಅಂತಲೇ ಗೋಡೆ ನೋಡ್ತಿದ್ದೆ. ಬಹಳ ಸೊರಗಿದ್ದೀಯ ಅನ್ನಿಸ್ತು."

ಇಕ್ಕಳಣ್ಣನಿಗೆ ತನ್ನ ಕೆನ್ನೆಗೆ ತಾನೇ ಬಾರಿಸಿಕೊಳ್ಳಬೇಕು ಎನಿಸಿತು. ನೀಲಿ ಗುಂಡಿ, ವಾಲಿದ ಜೇಬು, ಗೋಡೆ ನೋಡಿದ ಕಣ್ಣು. ಒಂದೊಂದನ್ನೂ ಕಂಬದ ಹಾಗೆ ನೆಟ್ಟು ಸಾಲಾಗಿ ಜಾಲರಿ ಎಳೆದವನು ತಾನೇ. ಸಿಟ್ಟಿನಲ್ಲಿ ಕೊಯ್ದುಕೊಂಡ ಮೂಗಿಗೆ ಈಗ ಯಾವ ದಾರದಲ್ಲಿ ಹೊಲಿಗೆ ಹಾಕುವುದು? ಟವೆಲ್ ಬಿಗಿಹಿಡಿದು ಹೊರಗೆ ಬಂದ. "ಅದಕ್ಕೆ ಊರು ಬಿಟ್ಟು ಹೋಗೋದಾ? ನಾನಿಲ್ವಾ? ಎಲ್ಲಿಗೆ ಹೋಗಬೇಕು ಹೇಳು, ಕೈಹಿಡಿದು ಕರ್ಕೊಂಡು ಹೋಗ್ತೀನಿ."

ಹೇಳಬಾರದ ಮಾತು ಅದೇ ಆಗಿತ್ತು. "ನಿನ್ನ ಕೈಹಿಡಿದು ನಡೆಸಿದೋನು ನಾನು," ಎಂದ ಅಣ್ಣ, ಮುಖ ಕೆಂಪಗಾಗಿ. "ನೀನು ನನ್ನ ಕೈಹಿಡಿದು ಈ ಬೀದೀಲಿ ನಡೆಸ್ತೀಯಾ? ಟೇಲರ್ ತಡಕಾಡ್ತಾನೆ ಅಂತ ಇವರೆಲ್ಲ ನೋಡಬೇಕಾ? ಬೇರೆ ಊರಲ್ಲಾದ್ರೆ ಎಡವಿದ್ರೂ ಯಾವನೋ ಮುದುಕ ಎಡವಿದ ಅಂತಾರೆ. ಈ ಮಾತು ಯಾರ ಹತ್ರನೂ ಆಡಬೇಡ. ಈ ಮನೆ ನೋಡೋ ಜನ ಮುಂದಿನ ವಾರ ಬರ್ತಾರೆ."

ಮಾತು ಮುಗಿಯಿತೆಂಬಂತೆ ಯಂತ್ರ ತುಳಿದು, ಹರಿದದ್ದನ್ನು ಕೆಂಪು ದಾರದಲ್ಲೇ ಹೊಲಿದು ಎಸೆದ. ಹೊಲಿಗೆ ಮಾತ್ರ ಗೆರೆ ಎಳೆದ ಹಾಗೆ ನೇರ.

ಇಕ್ಕಳಣ್ಣ ಪ್ಯಾಂಟು ಏರಿಸಿಕೊಂಡು ಹಿತ್ತಲಿಗೆ ಬಂದ. ಬೀದಿಯಿಂದ ಸುತ್ತಿ ಹೋಗಬಹುದಿತ್ತು. ಆದರೆ ಆ ಬೇಲಿಯನ್ನು ಬರಿಗೈಯಲ್ಲಾದರೂ ಕಿತ್ತು ಹಾಕದೆ ಹೋಗಲು ಮನಸ್ಸಾಗಲಿಲ್ಲ. ಗಂಟು ಬಿಚ್ಚಲು ಉಗುರು ಸವೆಸುತ್ತಿದ್ದಾಗ ಹಿಂದೆ ಅಣ್ಣ ಹೊಸಿಲು ದಾಟಿದ. "ಇದೇನಾ ನಿನ್ನ ಗಡಿ?" ಎನ್ನುತ್ತ ಗಾಳಿಯಲ್ಲಿ ಕೈಚಾಚಿದ. ಒಂದು ಹೆಜ್ಜೆ ತಡವರಿಸಿದ, ಇನ್ನೊಂದು ಹೆಜ್ಜೆಗೆ ಕೈಗೆ ಜಾಲರಿ ಸಿಕ್ಕಿತು. ಸಿಕ್ಕಿದ್ದೇ ತಡ ಅವನ ನಡಿಗೆಯೇ ಬದಲಾಯಿತು. ಬೆರಳುಗಳನ್ನು ಜಾಲರಿಯ ಮೇಲೆ ಓಡಿಸುತ್ತಾ, ತಲೆ ಎತ್ತಿಕೊಂಡು, ಹಿತ್ತಲಿನ ಕೊನೆಯವರೆಗೆ ಸರಸರ ನಡೆದುಹೋಗಿ ಹಾಗೆಯೇ ತಿರುಗಿ ಬಂದ. ಜಾಲರಿ ಉದ್ದಕ್ಕೂ ಝಣಝಣ ಎಂದಿತು. ಬಾಗಿಲ ಹತ್ತಿರ ನಿಂತು ಹೆಬ್ಬೆರಳನ್ನು ಬಾಯಿಗಿಟ್ಟುಕೊಂಡ. ತಿರುಚಿದ ತಂತಿಯ ಮೊನೆ 'ಹೊರಗಡೆ'ಗೇ ಇತ್ತಲ್ಲ, ಚುಚ್ಚಿತ್ತು.

"ಮೊನೆ ಚುಚ್ಚುತ್ತೆ," ಎಂದ ಅಣ್ಣ. "ಹೊಲಿಗೆ ನೇರ ಇದೆ."

ಜೀವಮಾನವೆಲ್ಲ ಕಾದ ಮಾತು ಕೊನೆಗೂ ಬಂತು, ಅದೂ ಅಣ್ಣನನ್ನೇ ಆಚೆಗಿಡಲು ಕಟ್ಟಿದ ಬೇಲಿಗೆ. ಇಕ್ಕಳಣ್ಣ ಅಳಬೇಕೋ ನಗಬೇಕೋ ತಿಳಿಯದೆ ಬೇಲಿ ಹಿಡಿದು ನಿಂತ. ಬೇಲಿಯಾಚೆ ಹೆಂಡತಿ ಯಾವಾಗಲೋ ಬಂದು ನಿಂತಿದ್ದಳು. ಭಾವ ಬೆರಳು ಓಡಿಸುತ್ತ ನಡೆದದ್ದನ್ನು ಅವಳು ನೋಡಿದ್ದಳು. ಅವಳ ಮುಖದಲ್ಲಿ ಈಗ ನಗುವಿರಲಿಲ್ಲ. ಬಾಗಿ ಇಕ್ಕಳ ಎತ್ತಿ, ಜಾಲರಿಯ ಕಣ್ಣಿನಲ್ಲಿ ತೂರಿಸಿ ಹೇಳಿದಳು: "ಈಗ ತಗೊಳ್ಳಿ."

ಮರುದಿನದಿಂದ ಇಕ್ಕಳಣ್ಣ ಬೇರೆ ಕೆಲಸಕ್ಕೆ ಹೋಗಲಿಲ್ಲ. ಮುಳ್ಳುತಂತಿ ಬಿಚ್ಚಿ ಸುತ್ತಿಟ್ಟ. ಬೇಲಿ ಕೀಳುತ್ತಾನೆ ಎಂದು ಬಾಲ್ಕನಿಯಿಂದ ಕಂಡಕ್ಟರ್ ಕಾದು ನೋಡಿದ. ಇವನು ಕಿತ್ತು ಎಸೆಯಲಿಲ್ಲ, ಕಂಬಗಳನ್ನು ತೆಗೆದು ಬೇರೆ ಕಡೆ ನೆಡತೊಡಗಿದ. ಬೇಲಿ ಈಗ ಅಣ್ಣನ ಹಿಂಬಾಗಿಲಿನ ಚೌಕಟ್ಟಿನಿಂದಲೇ ಹೊರಟಿತು. ಚರಂಡಿ ತಪ್ಪಿಸಿ ಹೋಗಿ, ಡ್ರಮ್ಮುಗಳ ಸಾಲನ್ನು ಬಳಸಿ, ಒಗೆಯುವ ಕಲ್ಲಿನ ಹತ್ತಿರ ತಿರುಗಿ, ಇಕ್ಕಳಣ್ಣನ ಹಿಂಬಾಗಿಲಿಗೆ ಬಂದು ನಿಂತಿತು. ಮೇಲೆ ಕೈಗೆ ಸಿಗುವ ಎತ್ತರಕ್ಕೆ ನುಣುಪಾದ ಕೊಳವೆ. ಗಂಟುಗಳ ಮೊನೆಯನ್ನೆಲ್ಲ ಮಡಚಿ, ಅಂಗೈಯಿಂದ ಒಂದೊಂದನ್ನೂ ಸವರಿ ನೋಡಿದ. ಅಣ್ಣನಿಗೆ ಏನೂ ಹೇಳಲಿಲ್ಲ. ಹೇಳಿದರೆ ಕೈಹಿಡಿದ ಹಾಗೆಯೇ ಆಗುತ್ತಿತ್ತು. ಇಡೀ ವಾರ ಅಣ್ಣನ ಹಿಂಬಾಗಿಲು ಮುಚ್ಚಿಯೇ ಇತ್ತು. ಮನೆ ನೋಡುವ ಜನ ಬರುವ ದಿನ ಹತ್ತಿರವಾದಂತೆ ಇಕ್ಕಳಣ್ಣ ಸವರಿದ ಗಂಟುಗಳನ್ನೇ ಮತ್ತೆ ಮತ್ತೆ ಸವರಿದ.

ಅವರು ಬರಬೇಕಾಗಿದ್ದ ದಿನ ಬೆಳಿಗ್ಗೆ ಅವನು ಹಿಂಬಾಗಿಲ ಮೆಟ್ಟಿಲ ಮೇಲೆ ಕೂತಿದ್ದ. ಜಾಲರಿ ಝಣ್ ಎಂದಿತು. ಬೆಕ್ಕಿರಬೇಕು ಎಂದುಕೊಂಡ. ಮತ್ತೆ ಝಣ್ ಎಂದಿತು, ಆಮೇಲೆ ನಿಲ್ಲದೆ ಸದ್ದಾಗುತ್ತ ಬಂತು. ಡ್ರಮ್ಮುಗಳ ಹಿಂದಿನಿಂದ ಕೊಳವೆಯ ಮೇಲೆ ಕೈ ಜಾರಿಸುತ್ತ ಅಣ್ಣ ಬಂದ, ಒಬ್ಬನೇ, ಹಿಂದೆ ಅತ್ತಿಗೆಯೂ ಇಲ್ಲದೆ. ಒಗೆಯುವ ಕಲ್ಲಿನ ಹತ್ತಿರ ನಿಂತ. ತಿರುವನ್ನು ಎರಡೂ ಕೈಯಿಂದ ಮುಟ್ಟಿ ನೋಡಿದ.

"ಸೊಟ್ಟ," ಎಂದ.

"ಹೂಂ ಅಣ್ಣ."

"ನೇರ ಹೋಗ್ತಿದ್ದದ್ದು ಇಲ್ಲಿ ಯಾಕೋ ತಿರುಗಿಬಿಟ್ಟಿದೆ?"

"ನೇರ ಹೋಗಿದ್ರೆ ಗೋಡೆಗೆ ಹೋಗ್ತಿತ್ತು," ಎಂದ ಇಕ್ಕಳಣ್ಣ. "ನನ್ನ ಹೊಲಿಗೆ ನಿಂಗೆ ಗೊತ್ತೇ ಇದೆಯಲ್ಲ. ಸೊಟ್ಟ ಆಗಿ ಆಗಿ ನಮ್ಮನೆ ಬಾಗಿಲಿಗೆ ಬಂದುಬಿಟ್ಟಿದೆ."

ಅಣ್ಣ ಉಳಿದ ದಾರಿಯನ್ನೂ ನಡೆದು ಬಂದು, ಕಾಲಿನಿಂದ ಮೆಟ್ಟಿಲು ಹುಡುಕಿ, ತಮ್ಮನ ಪಕ್ಕ ಕೂತ. ಹೆಗಲ ಮೇಲೆ ಹಾಕಿಕೊಂಡು ಬಂದಿದ್ದ, ಅಂಗಡಿಯಲ್ಲೇ ಉಳಿದುಹೋಗಿದ್ದ ತಮ್ಮನ ಹಳೆಯ ಪ್ಯಾಂಟೊಂದನ್ನು ಅವನ ತೊಡೆಯ ಮೇಲೆ ಇಟ್ಟ. ಆಳದ ಜೇಬಿನದು. ನಿಜವಾದ ಜೇಬಿನದು. ಆಮೇಲೆ ಒಗೆಯುವ ಕಲ್ಲಿನ ಕಡೆಗೆ ಮುಖ ತಿರುಗಿಸಿದ. ಅಣ್ಣ ತನ್ನನ್ನೇ ನೋಡುತ್ತಿದ್ದಾನೆ ಎಂಬುದು ಇಕ್ಕಳಣ್ಣನಿಗೆ ಈಗ ಗೊತ್ತಿತ್ತು.

"ಆ ಜನಕ್ಕೆ ಬರಬೇಡಿ ಅಂತ ಹೇಳಿ ಕಳಿಸಿದೆ," ಎಂದ ಅಣ್ಣ. "ಈ ವಯಸ್ಸಲ್ಲಿ ಹೊಸ ಊರಿನ ದಾರಿ ಯಾರು ಕಲೀತಾರೆ? ಚಹಾ ಮಾಡಿಸು."

ಮೇಲಿನಿಂದ ಕಂಡಕ್ಟರ್ ಬಗ್ಗಿ ಕೂಗಿದ: "ಏನ್ ಇಕ್ಕಳಣ್ಣ, ಬೇಲಿ ಇನ್ನೂ ಹಾಗೇ ಇದೆ! ಅಣ್ಣತಮ್ಮನ ಜಗಳ ಮುಗೀಲಿಲ್ವಾ?"

"ಎಲ್ಲಿ ಮುಗಿಯುತ್ತೆ?" ಎಂದು ಇಕ್ಕಳಣ್ಣ ಕೂಗಿ ಹೇಳಿದ. "ನೋಡು, ಬೆಳಿಗ್ಗೆನೇ ಬೇಲಿ ಹಿಡ್ಕೊಂಡು ಜಗಳಕ್ಕೆ ಬಂದಿದ್ದಾನೆ!"